ಹಳಿ ಮುರಿದ ಸುದ್ದಿ

ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ನಿಗೆ ನಮ್ಮ ಮದ್ದಿಕೇರದಲ್ಲಿ ‘ಕರೆಂಟು’ ಅನ್ನುತ್ತಾರೆ. ಆದೋನಿಗೆ ಹೋಗಲಿ, ಬಳ್ಳಾರಿಗೆ ಹೋಗಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತವರ ಬಾಯಲ್ಲಿ ಅದೇ ಮಾತು. ‘ನಿಮಗ ಎಷ್ಟು ಕರೆಂಟು ಬರದಾರ?’ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ನಮ್ಮ ದೊಡ್ಡಮ್ಮನಿಗೆ ಬೆಂಗಳೂರಿನಲ್ಲಿ 25 ಬರೆದಿದ್ದರು. ಗರ್ಭಕೊರಳಿನ ಕ್ಯಾನ್ಸರ್. ಸೋಮವಾರದಿಂದ ಶುಕ್ರವಾರದ ತನಕ ದಿನಕ್ಕೊಂದರಂತೆ ಐದು ವಾರ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಮಿಕ್ಕ ಹೊತ್ತೆಲ್ಲ ಕಾಯುವುದು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಆಕೆ ಕೇಳಿದಳು: ‘ದಿನಾ ಇಷ್ಟಿಷ್ಟ ಯಾಕ ಕೊಡ್ತಾರಪ? ಒಂದ ಸಲಕ್ಕ ಕೊಟ್ಟು ಊರಿಗೆ ಕಳಸಬಾರದಾ?’

ಪಕ್ಕದಲ್ಲಿದ್ದ ದೊಡ್ಡಪ್ಪ ಸುಮ್ಮನಿದ್ದರು. ಅವರು ಗುಂತಕಲ್ ಡಿವಿಜನ್ನಿನಲ್ಲಿ ಕೀಮ್ಯಾನ್ ಆಗಿದ್ದವರು. ಬೆಳಗಿನ ಜಾವ ಸ್ಪ್ಯಾನರು, ಸುತ್ತಿಗೆ, ಕೆಂಪು ಬಾವುಟ ಹಿಡಿದು ಹಳಿಯ ಗುಂಟ ನಡೆದೇ ಅವರ ಆಯುಷ್ಯ ಕಳೆದಿತ್ತು. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಓದಿ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ವಿಜ್ಞಾನಕ್ಕೇ ಅದನ್ನು ಹುಡುಕಲು ಸುಮಾರು ನೂರು ವರ್ಷ ಹಿಡಿದಿತ್ತು. ಆ ನೂರು ವರ್ಷದ ಕತೆಯನ್ನು ದೊಡ್ಡಪ್ಪನ ಕೆಲಸದ ಮಾತಿನಲ್ಲಿ ಹೇಳಿದಷ್ಟು ಸರಿಯಾಗಿ ಬೇರೆ ಮಾತಿನಲ್ಲಿ ಹೇಳಲು ನನಗೆ ಬಂದಿಲ್ಲ.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡ. ಆ ಕಿರಣ ಚರ್ಮ ಸುಡುತ್ತದೆ, ಗಡ್ಡೆ ಕರಗಿಸುತ್ತದೆ ಎಂಬುದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. 1906ರಲ್ಲಿ ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೊಂಡೊ ಇಲಿಗಳ ವೃಷಣದ ಮೇಲೆ ಕಿರಣ ಬಿಟ್ಟು ನೋಡಿ, ಬೇಗ ಬೇಗ ಒಡೆದು ಎರಡಾಗುವ ಕೋಶಗಳಿಗೇ ಹೆಚ್ಚು ಪೆಟ್ಟು ಎಂದರು. 1920ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲಾಡ್ ರೆಗೋ ಟಗರುಗಳ ಮೇಲೆ ಮಾಡಿದ ಪ್ರಯೋಗದಲ್ಲಂತೂ ದೊಡ್ಡಮ್ಮನ ಪ್ರಶ್ನೆಯೇ ಇತ್ತು. ಟಗರಿನ ಬೀಜವನ್ನು ಒಂದೇ ಸಲದ ಕಿರಣದಿಂದ ಬರಡು ಮಾಡಹೋದರೆ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಕಿರಣವನ್ನು ಕೆಲವು ದಿನಗಳಿಗೆ ಹಂಚಿ ಕೊಟ್ಟರೆ ಬೀಜ ಬರಡಾಗುತ್ತಿತ್ತು, ಚರ್ಮ ಉಳಿಯುತ್ತಿತ್ತು. ಎಡೆಬಿಡದೆ ಒಡೆಯುವ ಬೀಜದ ಕೋಶ ಕ್ಯಾನ್ಸರ್‌ನಂತೆಯೇ ತಾನೆ? ಅದೇ ಊರಿನ ಆನ್ರಿ ಕುಟಾರ್ ಗಂಟಲ ಕ್ಯಾನ್ಸರ್‌ಗೆ ವಾರಗಟ್ಟಲೆ ಹಂಚಿ ಕಿರಣ ಕೊಡತೊಡಗಿದ. ಈ ಕ್ರಮ ಲೋಕವೆಲ್ಲ ಹಬ್ಬಿತು. ನಮ್ಮ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದೋನಿ ಬಳ್ಳಾರಿ ಜಿಲ್ಲೆಯ ತಾಲೂಕಾಗಿದ್ದು, ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1934ರಲ್ಲಿ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ತೆರೆದಾಗ, ಆದೋನಿಯಿಂದ ಅಲ್ಲಿಗೆ ನೇರ ರೈಲುದಾರಿ ಇತ್ತು.

ಹಂಚಿ ಕೊಟ್ಟರೆ ಫಲ ಸಿಗುತ್ತದೆ ಎಂಬುದು ಅನುಭವಕ್ಕೆ ಬಂದಿತ್ತು, ಕಾರಣ ಮಾತ್ರ ಗೊತ್ತಿರಲಿಲ್ಲ. ಅದೇ 1920ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಕಾಂಟಿ ಮತ್ತು ಸ್ಪಿಯರ್ ಎಂಬಿಬ್ಬರು ಕೋಳಿಯ ಭ್ರೂಣದ ಕೋಶಗಳನ್ನು ಗಾಜಿನಲ್ಲಿ ಬೆಳೆಸಿ ಅವಕ್ಕೆ ರೇಡಿಯಂ ಕಿರಣ ತಾಗಿಸಿದರು. ಒಡೆಯುವ ಕೋಶಗಳ ಸಂಖ್ಯೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏರಿತು. ಎಂದರೆ ಕೋಶಗಳು ಸತ್ತಿರಲಿಲ್ಲ, ನಿಂತಿದ್ದವು. ಪೆಟ್ಟು ತಿಂದ ಕೋಶಕ್ಕೆ ಸುಸ್ತಾಗಿದೆ, ಅದಕ್ಕೇ ನಿಂತಿದೆ ಎಂದು ಆಗಿನವರು ಭಾವಿಸಿದ್ದರಲ್ಲಿ ತಪ್ಪೇನಿಲ್ಲ. ಏಟು ಬಿದ್ದ ಎತ್ತು ಕುಸಿದು ಕೂತಿದ್ದನ್ನು ಕಂಡವರಾರೂ ಅದಕ್ಕೆ ಯಾರೋ ‘ನಿಲ್ಲು’ ಎಂದರೆಂದು ತಿಳಿಯುವುದಿಲ್ಲ. ಈ ತಿಳಿವಳಿಕೆ ಮಗ್ಗುಲು ಬದಲಿಸಲು ಇನ್ನೂ ಅರವತ್ತು ವರ್ಷ ಬೇಕಿತ್ತು.

ನಡುವೆ ಒಂದು ದೊಡ್ಡ ಕೆಲಸ ನಡೆಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ 1951-53ರ ಹೊತ್ತಿಗೆ, ನಮ್ಮ ಅವರೆಗೆ ದೂರದ ನೆಂಟನಾದ ವೀಸಿಯಾ ಫಾಬಾ ಎಂಬ ಕಾಳಿನ ಮೊಳಕೆಗೆ ವಿಕಿರಣಶೀಲ ರಂಜಕ ಕುಡಿಸಿ, ಅದರ ಬೇರಿನ ತುದಿಯ ಕೋಶಗಳಲ್ಲಿ ಡಿಎನ್‌ಎ ಯಾವಾಗ ನಕಲಾಗುತ್ತದೆ ಎಂದು ಫೋಟೋ ಫಿಲ್ಮಿನ ಮೇಲೆ ಹಿಡಿದರು. ನಕಲಿಗೆ ಅದರದ್ದೇ ಆದ ಹೊತ್ತಿದೆ, ಅದಕ್ಕೆ ಹಿಂದೆ ಒಂದು ಬಿಡುವು, ಮುಂದೆ ಒಂದು ಬಿಡುವು ಎಂದು ಕಂಡಿತು. ಹಿಂದಿನದು ಜಿ1, ನಕಲಿನ ಹೊತ್ತು ಎಸ್, ಮುಂದಿನದು ಜಿ2, ಕೊನೆಗೆ ಕೋಶ ಒಡೆದು ಎರಡಾಗುವ ಗಳಿಗೆ. ಕೋಶಚಕ್ರದ ನಕ್ಷೆ ಹೀಗೆ ಸಿಕ್ಕಿತು. ಇಂದಿನ ಪಠ್ಯಪುಸ್ತಕಗಳು ಹೇಳದ ಒಂದು ಮಾತು ಇಲ್ಲಿದೆ. ಹೋವರ್ಡ್ ಮತ್ತು ಪೆಲ್ಕ್ ಹುಡುಕುತ್ತಿದ್ದದ್ದೇ ವಿಕಿರಣದ ಪರಿಣಾಮವನ್ನು. 1953ರ ಅವರ ಪ್ರಬಂಧದ ತಲೆಬರಹದಲ್ಲೇ ಕಿರಣ ತಾಗಿದ ಕೋಶಗಳ, ಒಡೆದ ವರ್ಣತಂತುಗಳ ಮಾತಿದೆ.

ಗುಂತಕಲ್‌ನಿಂದ ನಂದ್ಯಾಲದ ಕಡೆಗೆ ಹೋಗುವ ದಾರಿಯಲ್ಲಿ ಮದ್ದಿಕೇರ ಸ್ಟೇಷನ್ನು ಸಿಗುತ್ತದೆ. ಜಿ1 ಮತ್ತು ಜಿ2 ಅಂಥ ಎರಡು ಸ್ಟೇಷನ್ನು. ಗಾಡಿ ನಿಲ್ಲುವುದಾದರೆ ಅಲ್ಲಿ ನಿಲ್ಲಬೇಕು. ಮುಂದಿನ ಸೆಕ್ಷನ್ನಿಗೆ ಒಮ್ಮೆ ಬಿಟ್ಟ ಮೇಲೆ ನಡುದಾರಿಯಲ್ಲಿ ನಿಲ್ಲಿಸುವುದು ಕಷ್ಟ.

ನಿಲ್ಲಿಸುವ ಸುದ್ದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹೇಗೆ? ಈ ಎಳೆಯ ಮೊದಲ ತುದಿ ನಮ್ಮವನೇ ಆದ ಒಬ್ಬನ ಕೈಯಲ್ಲಿದೆ. ಕ್ಷ-ಕಿರಣ ಕಂಡ ವರ್ಷದಲ್ಲೇ, 1895ರ ಜನವರಿ 12ರಂದು, ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬಾರಾವ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ಆತ, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ 1925ರಲ್ಲಿ ದೇಹದ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದ. 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನು ಗುರುತಿಸಿದ. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಅದನ್ನು ಕಂಡಿದ್ದ. ಎಟಿಪಿ ಎಂದರೆ ರಂಜಕದಿಂದಾದ ಮೂರು ಫಾಸ್ಫೇಟು ಹೊತ್ತ ಒಂದು ಪುಟ್ಟ ಅಣು. ಕೋಶದ ಕೆಲಸಗಳಿಗೆಲ್ಲ ಅದು ಖರ್ಚಿನ ಹಣ. 1955ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಈ ಹಣಕ್ಕೆ ಇನ್ನೊಂದು ಉಪಯೋಗವಿದೆ ಎಂದು ತೋರಿಸಿದರು. ಎಟಿಪಿಯಿಂದ ಒಂದು ಫಾಸ್ಫೇಟನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವ ಕಿಣ್ವಗಳಿವೆ. ಅಂಟಿಸಿದ ಕ್ಷಣ ಆ ಪ್ರೋಟೀನಿನ ನಡತೆ ಬದಲಾಗುತ್ತದೆ. ಮಲಗಿದ್ದದ್ದು ಏಳುತ್ತದೆ, ಎಚ್ಚರವಿದ್ದದ್ದು ಮಲಗುತ್ತದೆ. ಈ ಕಿಣ್ವಗಳೇ ಪ್ರೋಟೀನ್ ಕೈನೇಸ್‌ಗಳು. ಒಬ್ಬ ಕೈನೇಸ್ ಇನ್ನೊಬ್ಬನನ್ನು ಎಬ್ಬಿಸಬಲ್ಲ, ಅವನು ಮೂರನೆಯವನನ್ನು. ಊರಿನ ಒಂದು ತುದಿಯ ಸುದ್ದಿ ಬಾಯಿಂದ ಬಾಯಿಗೆ ಇನ್ನೊಂದು ತುದಿ ಮುಟ್ಟುವಂತೆ ಫಾಸ್ಫೇಟು ಕೈಯಿಂದ ಕೈಗೆ ಸುದ್ದಿ ಮುಟ್ಟಿಸುತ್ತದೆ. ಆ ಫಾಸ್ಫೇಟಿನ ಹಿಂದೆ ಒಬ್ಬ ತೆಲುಗು ವೈದ್ಯನ ಕೆಲಸವಿದೆ ಎಂಬುದನ್ನು ನಮ್ಮ ಮಂಡಲದ ಪ್ರತಿ ಹೈಸ್ಕೂಲಿನಲ್ಲೂ ಹೇಳಬೇಕು ಅನ್ನಿಸುತ್ತದೆ ನನಗೆ.

ಕತೆಯ ನಡುಗಂಬ ಇರುವುದೂ ಅದೇ ಸಿಯಾಟಲ್‌ನಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ. ಲೀ ಹಾರ್ಟ್‌ವೆಲ್ ಅಲ್ಲಿ ಬ್ರೆಡ್ಡು ಹುದುಗಿಸುವ ಯೀಸ್ಟಿನ ಮೇಲೆ ಕೆಲಸ ಮಾಡುತ್ತಿದ್ದ. 1980ರ ದಶಕದಲ್ಲಿ ಅವನೂ ಟೆಡ್ ವೈನರ್ಟ್ ಎಂಬ ಕಿರಿಯನೂ ಯೀಸ್ಟ್ ಕೋಶಗಳಿಗೆ ಕ್ಷ-ಕಿರಣ ತಾಗಿಸಿ ಸೂಕ್ಷ್ಮದರ್ಶಕದ ಕೆಳಗೆ ಕಾದು ಕೂತರು. ಸಾಧಾರಣ ಯೀಸ್ಟ್ ಜಿ2ದಲ್ಲಿ ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಹೊರಟಿತು, ಬದುಕಿತು. ರ್‍ಯಾಡ್9 ಎಂಬ ಜೀನು ಕೆಟ್ಟಿದ್ದ ಯೀಸ್ಟ್ ನಿಲ್ಲಲೇ ಇಲ್ಲ. ಕಿರಣ ತಾಗಿಯೇ ಇಲ್ಲವೆಂಬಂತೆ ಒಡೆಯುತ್ತ ಹೋಗಿ ಕೆಲವು ಸುತ್ತಿನಲ್ಲಿ ಸತ್ತಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ, ರ್‍ಯಾಡ್9 ಇಲ್ಲದ ಕೋಶಕ್ಕೆ ಮುರಿದ ಡಿಎನ್‌ಎ ಜೋಡಿಸುವ ಶಕ್ತಿ ಇಲ್ಲ, ಅದಕ್ಕೇ ಸತ್ತಿತು ಎನ್ನಬಹುದಿತ್ತು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಕಿರಣ ತಾಗಿಸಿದ ರ್‍ಯಾಡ್9-ಹೀನ ಕೋಶಗಳಿಗೆ, ಕೋಶ ಒಡೆಯದಂತೆ ತಡೆದು ಹಿಡಿಯುವ ಒಂದು ರಾಸಾಯನಿಕ ಹಾಕಿ ಜಿ2ದಲ್ಲಿ ಬಲವಂತದಿಂದ ನಿಲ್ಲಿಸಿದರು. ಆಮೇಲೆ ರಾಸಾಯನಿಕ ತೊಳೆದು ಬಿಟ್ಟರು. ಸಾಯಬೇಕಿದ್ದ ಕೋಶಗಳಲ್ಲಿ ಬಹಳಷ್ಟು ಬದುಕಿದವು.

ಇದನ್ನು ಓದಿದ ದಿನ ದೊಡ್ಡಪ್ಪನಿಗೆ ಹೇಳಿದೆ. ಅವರಿಗೆ ಒಂದೇ ಸಲಕ್ಕೆ ತಿಳಿಯಿತು. ಚಳಿಗಾಲದ ಬೆಳಗಿನ ಜಾವ ಉಕ್ಕು ಕುಗ್ಗಿ ಹಳಿ ಬಿರಿಯುತ್ತದೆ. ಕೀಮ್ಯಾನ್ ಅದನ್ನು ಕಂಡರೆ ಗಾಡಿ ಬರುವ ದಿಕ್ಕಿಗೆ ಓಡಿ, ಹಳಿಯ ಮೇಲೆ ಪಟಾಕಿ ಕಟ್ಟಿ, ಕೆಂಪು ಬಾವುಟ ಹಿಡಿಯುತ್ತಾನೆ. ಗಾಡಿ ನಿಲ್ಲುತ್ತದೆ, ಗ್ಯಾಂಗು ಬಂದು ಹಳಿ ಕೂಡಿಸುತ್ತದೆ. ಒಂದು ದಿನ ಕೀಮ್ಯಾನೇ ಇಲ್ಲ ಎನ್ನಿ. ಹಳಿ ಮುರಿದಿದೆ, ಗಾಡಿ ಉರುಳುತ್ತದೆ. ಆದರೆ ಅದೇ ದಿನ ಬೇರೆ ಯಾವುದೋ ಕಾರಣಕ್ಕೆ ಗಾಡಿಯನ್ನು ಸ್ಟೇಷನ್ನಿನಲ್ಲಿ ತಡೆದಿದ್ದರೆ? ಅಷ್ಟರಲ್ಲಿ ಗ್ಯಾಂಗಿನವರು ಹಳಿ ಸರಿಮಾಡಿರುತ್ತಾರೆ, ಗಾಡಿ ಕ್ಷೇಮವಾಗಿ ಹೋಗುತ್ತದೆ. ‘ಹಂಗಾದ್ರ ಗ್ಯಾಂಗು ಇತ್ತು, ಹೇಳೋನು ಇದ್ದಿಲ್ಲ’ ಎಂದರು ದೊಡ್ಡಪ್ಪ. 1988ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಹೇಳಿದ್ದೂ ಅಷ್ಟನ್ನೇ. ಕೋಶ ಸುಸ್ತಾಗಿ ನಿಂತಿರಲಿಲ್ಲ. ಅದನ್ನು ನಿಲ್ಲಿಸಲಾಗಿತ್ತು. ಮುಂದಿನ ವರ್ಷ ಈ ವ್ಯವಸ್ಥೆಯನ್ನು ಅವರು ‘ಚೆಕ್‌ಪಾಯಿಂಟ್’ ಎಂದು ವಿವರಿಸಿದರು. 2001ರ ನೊಬೆಲ್ ಹಾರ್ಟ್‌ವೆಲ್‌ಗೆ, ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಜೊತೆ ಬಂತು.

ಯೀಸ್ಟಿನ ಕತೆ ಹೀಗೆ ಸಾಗುತ್ತಿದ್ದಾಗ, ಇದರ ಗಂಧವೂ ಇಲ್ಲದ ಬೇರೆ ಕೋಣೆಗಳಲ್ಲಿ ವೈದ್ಯರು ಕೆಲವು ಮಕ್ಕಳನ್ನು ನೋಡುತ್ತಿದ್ದರು. ನಡೆಯಲು ಕಲಿಯುವ ವಯಸ್ಸಿಗೇ ತೂರಾಡುವ, ಕಣ್ಣಿನ ಬಿಳಿಯಲ್ಲಿ ಕೆಂಪು ರಕ್ತನಾಳಗಳ ಜಾಲ ಮೂಡುವ, ಪದೇಪದೇ ಸೋಂಕು ತಗಲುವ ಮಕ್ಕಳು. 1941ರಲ್ಲಿ ಬೆಲ್ಜಿಯಂನ ಡೆನೀಸ್ ಲೂಯಿ-ಬಾರ್ ಅಂಥ ಒಬ್ಬ ಹುಡುಗನ ಬಗ್ಗೆ ಬರೆದಳು. 1950ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನ ಎಲೆನಾ ಬೋಡರ್ ಮತ್ತು ಸೆಜ್‌ವಿಕ್ ಇದಕ್ಕೆ ಅಟ್ಯಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಹೆಸರಿಟ್ಟರು. ಎ-ಟಿ ಎಂದು ಚಿಕ್ಕದಾಗಿ ಕರೆಯುತ್ತಾರೆ. ಈ ಮಕ್ಕಳಲ್ಲಿ ಕೆಲವರಿಗೆ ರಕ್ತದ, ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಬರುತ್ತಿತ್ತು. 1960ರ ದಶಕದಲ್ಲಿ ಅಂಥವರಿಗೆ ಎಲ್ಲ ಮಕ್ಕಳಿಗೂ ಕೊಡುವಷ್ಟೇ ರೇಡಿಯೇಷನ್ ಕೊಟ್ಟರು. ಬೇರೆ ಮಕ್ಕಳು ತಾಳಿಕೊಳ್ಳುವ ಪ್ರಮಾಣ ಇವರ ಮೈಯನ್ನು ಸುಟ್ಟಿತು, ಕೆಲವರು ತೀರಿಕೊಂಡರು. ಕೊಟ್ಟ ವೈದ್ಯರಿಗೆ ತಪ್ಪು ಎಲ್ಲಾಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಈ ಚರಿತ್ರೆಯಲ್ಲಿ ನನಗೆ ಓದಲು ಅತಿ ಕಷ್ಟವಾದ ಪುಟ ಇದು. ಹೆಸರೂ ಉಳಿಯದ ಆ ಮಕ್ಕಳ ಸಂಕಟದಿಂದಲೇ ಮುಂದಿನದೆಲ್ಲ ತೆರೆಯಿತು.

1975ರಲ್ಲಿ ಮಾಲ್ಕಂ ಟೇಲರ್ ಮತ್ತು ಜೊತೆಯವರು ಎ-ಟಿ ಮಕ್ಕಳ ಚರ್ಮದಿಂದ ತೆಗೆದ ಕೋಶಗಳೂ ಕಿರಣಕ್ಕೆ ಬಲು ಬೇಗ ಸಾಯುತ್ತವೆ ಎಂದು ತೋರಿಸಿದರು. 1980ರಲ್ಲಿ ಪೇಂಟರ್ ಮತ್ತು ಯಂಗ್ ಒಂದು ವಿಚಿತ್ರ ಕಂಡರು. ಕಿರಣ ತಾಗಿದರೆ ಸಾಧಾರಣ ಕೋಶ ಡಿಎನ್‌ಎ ನಕಲನ್ನು ನಿಧಾನಿಸುತ್ತದೆ, ಎ-ಟಿ ಕೋಶ ಅಷ್ಟಾಗಿ ನಿಧಾನಿಸುವುದಿಲ್ಲ. ಮುರಿದ ಹಳಿಯ ಮೇಲೆ ಪೂರ್ತಿ ವೇಗದಲ್ಲಿ ಹೋಗುವ ಗಾಡಿ. ರ್‍ಯಾಡ್9 ಇಲ್ಲದ ಯೀಸ್ಟಿನ ಛಾಯೆ ಅದರಲ್ಲಿ ಕಾಣುತ್ತದಲ್ಲವೇ?

ಎರಡು ಎಳೆಗಳನ್ನು ಗಂಟು ಹಾಕಿದವನು ಮೈಕಲ್ ಕಾಸ್ಟನ್. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಕ್ಯಾನ್ಸರ್ ವೈದ್ಯ. ಕಿರಣ ತಾಗಿದ ಕೋಶದಲ್ಲಿ ಪಿ53 ಎಂಬ ಪ್ರೋಟೀನು ಏರುತ್ತದೆ, ಅದಿಲ್ಲದ ಕೋಶ ಜಿ1ರಲ್ಲಿ ನಿಲ್ಲುವುದಿಲ್ಲ ಎಂದು 1991ರಲ್ಲಿ ತೋರಿಸಿದ. ಮುಂದಿನ ವರ್ಷ, ಎ-ಟಿ ಕೋಶಗಳಲ್ಲಿ ಕಿರಣ ತಾಗಿದರೂ ಪಿ53 ಸರಿಯಾಗಿ ಏರುವುದಿಲ್ಲ ಎಂದು ತೋರಿಸಿದ. ಎಂದರೆ ಎ-ಟಿ ಮಕ್ಕಳಲ್ಲಿ ಕೆಟ್ಟಿರುವ ಜೀನು ಪಿ53ಗಿಂತ ಮೇಲೆ, ಮುರಿದ ಡಿಎನ್‌ಎಗೆ ಇನ್ನೂ ಹತ್ತಿರದಲ್ಲಿದೆ. ಆ ಜೀನು 11ನೇ ವರ್ಣತಂತುವಿನ ಮೇಲಿದೆ ಎಂದು ರಿಚರ್ಡ್ ಗಾಟಿಯ ತಂಡ 1988ರಲ್ಲೇ ಗುರುತು ಹಾಕಿತ್ತು. 1995ರ ಜೂನ್‌ನಲ್ಲಿ ಟೆಲ್ ಅವೀವ್‌ನ ಯೋಸೆಫ್ ಶಿಲೋ ತಂಡ ಜೀನನ್ನೇ ಹಿಡಿಯಿತು. ಎಟಿಎಂ ಎಂದು ಹೆಸರಿಟ್ಟರು. ಅದರ ಪ್ರೋಟೀನು 3056 ಅಮೈನೋ ಆಮ್ಲಗಳ ದೈತ್ಯ. ಅದರ ಬಾಲದ ಕಡೆಯ ಬರಹ ಓದಿದಾಗ ಅದು ಕೈನೇಸ್‌ಗಳ ಕುಲದ್ದು ಎಂದು ಕಂಡಿತು. ಯೀಸ್ಟಿನಲ್ಲಿ ಕಿರಣ ತಾಗಿದಾಗ ನಿಲ್ಲಿಸುವ ಮೆಕ್1 ಎಂಬ ಕೈನೇಸಿಗೆ ಅದು ರಕ್ತಸಂಬಂಧಿ. ಬ್ರೆಡ್ಡಿನ ಹುದುಗು ಮತ್ತು ತೂರಾಡುವ ಮಗು, ಒಂದೇ ಕುಲದ ಕಾವಲುಗಾರ.

ಅಲ್ಲಿಂದ ಮುಂದೆ ಹತ್ತೇ ವರ್ಷದಲ್ಲಿ ಸರಪಳಿಯ ಕೊಂಡಿಗಳು ಒಂದೊಂದಾಗಿ ಸಿಕ್ಕವು. ಅದನ್ನು ಈಗ ಹೀಗೆ ಹೇಳಬಹುದು. ಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಗ್ರೇ ಪ್ರಮಾಣದ ಕಿರಣ ಒಂದು ಕೋಶದೊಳಗೆ ಡಿಎನ್‌ಎಯ ಎರಡೂ ಎಳೆಯನ್ನು ಸುಮಾರು 35-40 ಕಡೆ ಮುರಿಯುತ್ತದೆ. ದೊಡ್ಡಮ್ಮನಿಗೆ ದಿನಕ್ಕೆ ಕೊಡುತ್ತಿದ್ದದ್ದು ಎರಡು ಗ್ರೇಗೆ ಹತ್ತಿರ. ಶಾಂತವಾಗಿರುವ ಕೋಶದಲ್ಲಿ ಎಟಿಎಂ ಜೋಡಿಜೋಡಿಯಾಗಿ ಒಂದನ್ನೊಂದು ತಬ್ಬಿ ಮಲಗಿರುತ್ತದೆ. ಹಳಿ ಮುರಿದೊಡನೆ ಒಂದಕ್ಕೊಂದು ಫಾಸ್ಫೇಟು ಅಂಟಿಸಿ, ಬಿಡಿಸಿಕೊಂಡು ಏಳುತ್ತವೆ. ಅಂಟಿಸುವ ಜಾಗ 1981ನೇ ಸ್ಥಾನದಲ್ಲಿರುವ ಸೀರೀನ್ ಎಂಬ ಅಮೈನೋ ಆಮ್ಲ. 2003ರಲ್ಲಿ ಬಕೆನಿಸ್ಟ್ ಮತ್ತು ಕಾಸ್ಟನ್ ಇದನ್ನು ಕಂಡಾಗ ಎಲ್ಲರೂ ಬೆರಗಾದದ್ದು ಅದರ ವೇಗಕ್ಕೆ. ಅರ್ಧ ಗ್ರೇ ಸಾಕು, ಕೆಲವೇ ನಿಮಿಷದಲ್ಲಿ ಕೋಶದ ಎಟಿಎಂನಲ್ಲಿ ಅರ್ಧಕ್ಕಿಂತ ಹೆಚ್ಚು ಎಚ್ಚರಗೊಂಡಿರುತ್ತದೆ.

ಎದ್ದ ಎಟಿಎಂ ಎರಡು ದಾರಿಯಲ್ಲಿ ಸುದ್ದಿ ಕಳಿಸುತ್ತದೆ. ಒಂದು ಅವಸರದ ದಾರಿ. ಎಟಿಎಂ ಸಿಎಚ್‌ಕೆ2 ಎಂಬ ಕೈನೇಸಿಗೆ ಫಾಸ್ಫೇಟು ಅಂಟಿಸುತ್ತದೆ. ಸಿಎಚ್‌ಕೆ1 ಎಂಬ ಇನ್ನೊಂದಕ್ಕೆ ಎಟಿಆರ್ ಎಂಬ ಎಟಿಎಂನ ಸೋದರ ಅಂಟಿಸುತ್ತದೆ. ಇವು ಹೋಗಿ ಸಿಡಿಸಿ25 ಎಂಬ ಪ್ರೋಟೀನನ್ನು ಕಟ್ಟಿಹಾಕುತ್ತವೆ. ಗಾಡಿಯ ಎಂಜಿನ್ನಿನ ಬ್ರೇಕು ಸಡಿಲಿಸುವವನು ಆತನೇ. ಅವನ ಕೈ ಕಟ್ಟಿದರೆ ಕೋಶವನ್ನು ಒಡೆಯಲು ನೂಕುವ ಸಿಡಿಕೆ ಎಂಜಿನ್ನು ಅಲ್ಲೇ ನಿಲ್ಲುತ್ತದೆ. ಇನ್ನೊಂದು ನಿಧಾನದ, ಗಟ್ಟಿಯಾದ ದಾರಿ. ಎಟಿಎಂ ನೇರವಾಗಿ ಪಿ53ರ 15ನೇ ಸೀರೀನಿಗೆ ಫಾಸ್ಫೇಟು ಅಂಟಿಸುತ್ತದೆ. ಶಿಲೋ ತಂಡ, ಕಾಸ್ಟನ್ ತಂಡ ಇಬ್ಬರೂ ಇದನ್ನು 1998ರಲ್ಲಿ ಒಟ್ಟಿಗೇ ಪ್ರಕಟಿಸಿದರು. ಎಂದಿನಂತೆ ಹುಟ್ಟಿದಷ್ಟೇ ಬೇಗ ಕರಗಿಹೋಗುತ್ತಿದ್ದ ಪಿ53 ಈಗ ಉಳಿಯುತ್ತದೆ, ಕೂಡುತ್ತದೆ, ಪಿ21 ಎಂಬ ಪ್ರೋಟೀನನ್ನು ಬರೆಸುತ್ತದೆ. ಪಿ21 ಹೋಗಿ ಎಂಜಿನ್ನಿಗೆ ಅಡ್ಡ ಕೂರುತ್ತದೆ. ಮೊದಲನೆಯದು ಕೆಂಪು ಬಾವುಟ, ಎರಡನೆಯದು ಸ್ಟೇಷನ್ ಮಾಸ್ಟರು ಕೆಳಗಿಳಿಸಿ ಬೀಗ ಹಾಕಿದ ಸಿಗ್ನಲ್ಲು.

ಬೆಂಗಳೂರಿಗೂ ಈ ಕತೆಯಲ್ಲಿ ಪಾಲಿದೆ. ಪಿ21ನ್ನು ಕಂಡುಹಿಡಿದವರಲ್ಲಿ ಒಬ್ಬನಾದ ವಾಫಿಕ್ ಎಲ್-ಡೈರಿಯ ಪ್ರಯೋಗಾಲಯದಲ್ಲಿ ಕುಮಾರವೇಲ್ ಸೋಮಸುಂದರಂ, ಸ್ತನದ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ1 ಪ್ರೋಟೀನು ಕೋಶವನ್ನು ನಿಲ್ಲಿಸುವುದಕ್ಕೂ ಪಿ21 ಬೇಕು ಎಂದು 1997ರಲ್ಲಿ ತೋರಿಸಿದರು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಿದುಳಿನ ಗಡ್ಡೆಗಳ ಮೇಲೆ ಕೆಲಸ ಮಾಡಿದರು.

ನಮ್ಮ ಸೀಮೆಗೆ ರೇಡಿಯೇಷನ್ ಎಂಬ ಮಾತು ಇನ್ನೊಂದು ದಾರಿಯಿಂದಲೂ ಬಂತು. 2024ರ ಕೊನೆಯಲ್ಲಿ, ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ಕಾಡಿನಲ್ಲಿ ಯುರೇನಿಯಂ ಹುಡುಕಲು ಬೋರು ಕೊರೆಯುವ ಪ್ರಸ್ತಾವದ ವಿರುದ್ಧ ಸುತ್ತಲ ಹಳ್ಳಿಗಳ ಜನ ರಸ್ತೆಗಿಳಿದರು, ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕಣ್ಣಿಗೆ ಕಾಣದ್ದು ಮೈಯೊಳಗೆ ಏನು ಮಾಡುತ್ತದೆ ಎಂದು ಕೇಳುವ ಹಕ್ಕು ಹೊಲದಲ್ಲಿ ನಿಂತವರಿಗೆ ಎಲ್ಲರಿಗಿಂತ ಹೆಚ್ಚಿದೆ. ಅವರಿಗೆ ಅವರ ಮಾತಿನಲ್ಲೇ ಉತ್ತರ ಸಿಗಬೇಕು.

ದೊಡ್ಡಮ್ಮನಿಗೂ. ಗರ್ಭಕೊರಳಿನ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಆ ವೈರಸ್ಸಿನ ಇ6 ಎಂಬ ಪ್ರೋಟೀನು ಪಿ53ನ್ನು ಹಿಡಿದು ನಾಶ ಮಾಡಿಸುತ್ತದೆ. ಇದು 1990ರಲ್ಲೇ ತಿಳಿದಿತ್ತು. ಎಂದರೆ ಆ ಗಡ್ಡೆಯ ಕೋಶಗಳಲ್ಲಿ ಜಿ1 ಸ್ಟೇಷನ್ನಿನ ಬೀಗ ಹಾಕುವವನು ಇಲ್ಲ. ಕಿರಣ ತಾಗಿದಾಗ ಅವು ಜಿ1ರಲ್ಲಿ ನಿಲ್ಲದೆ ಬಂದು, ಸಿಎಚ್‌ಕೆ ಕೈನೇಸ್‌ಗಳು ಇನ್ನೂ ಕಾಯುತ್ತಿರುವ ಜಿ2ದಲ್ಲಿ ಗುಂಪುಗೂಡುತ್ತವೆ. ಈ ಗುಂಪುಗೂಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಸುಳಿವು ಸಿಕ್ಕಿದ್ದೂ ದೊಡ್ಡಮ್ಮನಂಥದೇ ರೋಗವಿದ್ದ ಒಬ್ಬ ಹೆಣ್ಣಿನಿಂದ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ತಾಯಿ. 1951ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವಳ ಗರ್ಭಕೊರಳಿನ ಗಡ್ಡೆಯಿಂದ ಅವಳನ್ನು ಕೇಳದೆಯೇ ತೆಗೆದ ಕೋಶಗಳು ಹೀಲಾ ಎಂಬ ಹೆಸರಿನಲ್ಲಿ ಲೋಕದ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ. 1960ರ ದಶಕದ ಆರಂಭದಲ್ಲಿ ತೆರಾಸಿಮಾ ಮತ್ತು ಟೋಲ್ಮಾಕ್ ಅದೇ ಹೀಲಾ ಕೋಶಗಳನ್ನು ಒಂದೇ ಹಂತದಲ್ಲಿ ಸಾಲು ನಿಲ್ಲಿಸಿ ಕಿರಣ ತಾಗಿಸಿ, ಕೋಶ ಚಕ್ರದಲ್ಲಿ ಎಲ್ಲಿದೆ ಎಂಬುದರ ಮೇಲೆ ಸಾವು ಬದುಕು ನಿಂತಿದೆ ಎಂದು ತೋರಿಸಿದರು. ಅದೂ ಮುಂದಿನ ಕೆಲಸಗಳೂ ಸೇರಿ ತಿಳಿಸಿದ್ದು ಇಷ್ಟು. ಡಿಎನ್‌ಎ ನಕಲಿನ ಕೊನೆಯ ಹೊತ್ತಿನಲ್ಲಿರುವ ಕೋಶ ಗಟ್ಟಿ, ಜಿ2ದಲ್ಲೂ ಒಡೆಯುವ ಗಳಿಗೆಯಲ್ಲೂ ಇರುವ ಕೋಶ ಬಲು ಮೆದು.

ಇವತ್ತಿನ ಕರೆಂಟಿಗೆ ಸಿಗದೆ ತಪ್ಪಿಸಿಕೊಂಡ ಗಟ್ಟಿ ಕೋಶಗಳು ನಾಳೆಯ ಹೊತ್ತಿಗೆ ಮೆದು ಜಾಗಕ್ಕೆ ಬಂದಿರುತ್ತವೆ. ಅದೇ ಹೊತ್ತಿನಲ್ಲಿ ಪಕ್ಕದ ಆರೋಗ್ಯವಂತ ಕೋಶಗಳು, ಪಿ53 ಇರುವುದರಿಂದ, ಎರಡೂ ಸ್ಟೇಷನ್ನಿನಲ್ಲಿ ನಿಂತು ಹಳಿ ಕೂಡಿಸಿಕೊಂಡಿರುತ್ತವೆ. ಅವುಗಳಿಗೆ ಕೆಲವು ಗಂಟೆ ಬೇಕು, ಒಂದು ರಾತ್ರಿ ಸಾಕು. ದಿನಕ್ಕಿಷ್ಟಿಷ್ಟೇ ಕೊಡುವುದಕ್ಕೆ ಬೇರೆ ಕಾರಣಗಳೂ ಇವೆ, ಗಡ್ಡೆಯೊಳಗೆ ಆಮ್ಲಜನಕ ತಲುಪುವುದು ಅವುಗಳಲ್ಲಿ ಒಂದು. ರೆಗೋ ಟಗರಿನ ಮೇಲೆ ಕಂಡದ್ದರ ಹಿಂದೆ ಈ ನಿಲ್ಲಿಸುವ ಸುದ್ದಿಯೂ ಇತ್ತು. ಇಂದಿನ ಔಷಧಿ ಪ್ರಯೋಗಗಳಲ್ಲಿ ಎಟಿಆರ್, ಸಿಎಚ್‌ಕೆ1, ವೀ1 ಎಂಬ ಕೈನೇಸ್‌ಗಳನ್ನು ತಡೆದು, ಗಡ್ಡೆಗೆ ಉಳಿದಿರುವ ಆ ಒಂದೇ ಸ್ಟೇಷನ್ನಿನ ಸಿಗ್ನಲ್ಲನ್ನೂ ಕೆಡಿಸಲು ನೋಡುತ್ತಿದ್ದಾರೆ. ಮುರಿದ ಹಳಿಯ ಮೇಲೆ ಗಡ್ಡೆಯ ಗಾಡಿ ತಾನೇ ಹೋಗಿ ಬೀಳಲಿ ಎಂದು.

ಇಷ್ಟನ್ನೂ ದೊಡ್ಡಮ್ಮನಿಗೆ ಹೇಳಿದ್ದು ನಾನಲ್ಲ, ದೊಡ್ಡಪ್ಪ. ಇನ್ನೊಂದು ಮಧ್ಯಾಹ್ನ ಬುತ್ತಿಯ ಡಬ್ಬಿ ಮುಚ್ಚುತ್ತ ಹೇಳಿದರು: ‘ರಾತ್ರಿ ನಿನ್ನ ಮೈಯಾಗ ಗ್ಯಾಂಗಿನವರು ಕೆಲಸ ಮಾಡ್ತಾರ. ಅವರಿಗೆ ಟೈಮು ಕೊಡಬೇಕು.’ ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ಸರಿ’ ಎಂದಳು. ಆವತ್ತಿಗೆ 14 ಮುಗಿದಿದ್ದವು, ಇನ್ನೂ 11 ಕರೆಂಟು ಉಳಿದಿದ್ದವು.